ಒಂಬತ್ತು ಪಾದ

"ಮೊಳಿ ಹೊಡೀಬ್ಯಾಡ್ರಿ ಸಾಹೇಬ್ರ. ಒಳಗ ನಮ್ಮನಿಯವರು ಅದಾರ."

ಸುತ್ತಿಗೆ ಎತ್ತಿದ್ದ ಕೇದಾರಿಯವರ ಕೈ ಹಾಗೇ ನಿಂತಿತು. ಮಣ್ಣು ಹೊರುವ ಕಾಶೆವ್ವ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ಕೂತಿದ್ದಳು. ದಿಬ್ಬ ಅಗೆದಾಗ ಹಾಸುಗಲ್ಲಿನ ಕೆಳಗೆ ಸಿಕ್ಕ ತಲೆಬುರುಡೆ, ಎಲುಬುಗಳೆಲ್ಲ ಹುಲ್ಲಿನಲ್ಲಿ ಸುತ್ತಿ ಅದರೊಳಗಿದ್ದವು. ಪೆಟ್ಟಿಗೆ ಮಧ್ಯಾಹ್ನದ ರೈಲಿಗೆ ಪುಣೆಗೆ ಹೋಗಬೇಕಿತ್ತು.

ಆ ಚಳಿಗಾಲ ಧುಪದಾಳದ ಬಂಗಲೆಯಲ್ಲಿ ಪಂಡಿತರ ಸುಗ್ಗಿ. ಒಬ್ಬರು ಒಡ್ಡಿನ ನೀರು ಅಳೆಯುತ್ತಿದ್ದರು. ಒಬ್ಬರು ಸೊಳ್ಳೆಯ ಹೊಟ್ಟೆ ಸೀಳಿ ಕನ್ನಡಿಯ ಕೊಳವೆಯಲ್ಲಿ ಇಣುಕುತ್ತಿದ್ದರು. ಹಣಮಂತರಾಯರು ಸುತ್ತಲಿನ ಊರುಗಳ ಜನರ ತಲೆ ಅಳೆದು ಬರೆದುಕೊಳ್ಳುತ್ತಿದ್ದರು. ಕೇದಾರಿಯವರದು ಹಳೆಯ ಗೋರಿ ಅಗೆಯುವ ಕೆಲಸ. ಊಟಕ್ಕೆ ಒಂದೇ ಮೇಜು, ಆದರೆ ಒಬ್ಬರ ವಿಷಯಕ್ಕೆ ಇನ್ನೊಬ್ಬರು ಬಾಯಿ ಹಾಕುವಂತಿರಲಿಲ್ಲ. ಜಾಣರು ಒಂದೆಡೆ ಸೇರಿದರೆ ಇದೊಂದು ಫಜೀತಿ.

"ಕಾಶೆವ್ವಾ, ಆ ಹಾಸುಗಲ್ಲು ಎಂಟು ಮಂದಿ ಕೂಡಿ ಎತ್ತಿದ್ದು ನೀನೂ ನೋಡೀದಿ. ಎರಡು ಸಾವಿರ ವರ್ಷ ಅದನ್ನ ಯಾರೂ ಮುಟ್ಟಿಲ್ಲ."

"ಮುಂದಿನ ಹಲ್ಲು ಅರ್ಧ ಮುರಿದೈತ್ರಿ. ಕಾಲಿವಿ ಬಾಗಲಾ ಎತ್ತೂಮುಂದ ಹಿಡಿಕಿ ಬಡದಿತ್ತು. ಬಾಯಿಗೆ ಅರಿಷಿಣ ಹಚ್ಚಿದಾಕಿ ನಾನ."

ಹತ್ತು ವರ್ಷದ ಹಿಂದೆ, ಮಹಾಪೂರ ಬಂದ ದಿನ, ಕಾಲುವೆಯ ಬಾಗಿಲು ಇಳಿಸಲು ಹೋದ ಅವಳ ಗಂಡ ತಿರುಗಿ ಬರಲಿಲ್ಲ. ದಂಡೆಯ ಮೇಲೆ ಒಂದು ಕಾಲಿನ ಕೆರವು ಸಿಕ್ಕಿತು, ಅಷ್ಟೇ. ಹೆಣವಿಲ್ಲ, ಹೂಳಲು ಕುಣಿಯಿಲ್ಲ. ಬಳೆ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಯಾರೂ ಹೇಳಲಿಲ್ಲ. ಓಣಿಯ ಹೆಂಗಸರು ಅವಳಿಗೆ ಕುಂಕುಮ ಕೊಡುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದರು. ಆ ಒಂದು ಗಳಿಗೆಯೇ ಅವಳಿಗೆ ಸಾಕುಬೇಕಾಗಿ ಹೋಗಿತ್ತು.

"ಈ ಪಡಸಾಲ್ಯಾಗ ಅವರ ತಲಿ ಅಳದಿದ್ರಿ," ಎಂದು ಅವಳು ಹಣಮಂತರಾಯರ ಕಡೆ ತಿರುಗಿದಳು. "ಮಹಾಪೂರ ಬರೋ ಹಿಂದಿನ ವರ್ಷ. ಬುಕ್ಕಿನ್ಯಾಗ ಬರಕೊಂಡೀರಿ."

"ನಾನು ಬದುಕಿದವರದಷ್ಟ ಅಳಿಯಾಂವ, ನಮ್ಮವ್ವ. ಎಲುಬು ನನ್ನ ವಿಷಯಲ್ಲ," ಎಂದರು ರಾಯರು. ಎಂದರೇ ಹೊರತು ಕುತೂಹಲ ಬಿಡಲಿಲ್ಲ. ಹೊಸ ಅಳತೆಗಳೊಂದಿಗೆ ತಾಳೆ ನೋಡಲು ತಂದಿದ್ದ ಹಳೆಯ ಬುಕ್ಕು ಟ್ರಂಕಿನ ತಳದಲ್ಲಿತ್ತು. "ಹೆಸರೇನು?"

ಗಂಡನ ಹೆಸರು ಕಾಶೆವ್ವನ ಬಾಯಿಂದ ಬರುವುದುಂಟೇ? ರಾಯರೇ ಒಂದೊಂದಾಗಿ ಓದುತ್ತ ಹೋದರು. 'ಮುರಿಗೆಪ್ಪ' ಎಂದಾಗ ಅವಳು ತಲೆ ತಗ್ಗಿಸಿದಳು.

ರಾಯರು ಪೆಟ್ಟಿಗೆಯಿಂದ ಬುರುಡೆ ತೆಗೆಸಿ, ಇಕ್ಕಳದಂಥ ತಮ್ಮ ಸಾಧನವನ್ನು ಅದಕ್ಕೆ ಹಿಡಿದರು. ಉದ್ದ ನೋಡಿದರು, ಅಗಲ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಮೂರನೆಯ ಸಲ ನೋಡಿ ಬುಕ್ಕಿನ ಅಂಕಿಯ ಮೇಲೆ ಬೆರಳಿಟ್ಟರು.

"ತೊಗಲಿನ ದಪ್ಪ ಕಳದ್ರ, ಕೂದಲೆಳಿಯಷ್ಟೂ ಫರಕಿಲ್ಲ."

"ಒಂದ ಅಳತಿ ಇಬ್ಬರಿಗೆ ಇರಬಾರದೇನು?" ಕೇದಾರಿಯವರ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಮಣ್ಣು ಸುಳ್ಳು ಹೇಳೂದಿಲ್ಲ."

"ಅಳತಿನೂ ಹೇಳೂದಿಲ್ಲ," ಎಂದು ರಾಯರು ಬುಕ್ಕು ಮುಚ್ಚಿದರು.

ಕಾಶೆವ್ವ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಉಡಿಯಿಂದ, ಹಳೆಯ ಅರಿವೆಯಲ್ಲಿ ಸುತ್ತಿದ್ದ ಆ ಒಂಟಿ ಕೆರವು ತೆಗೆದಳು. "ನಮ್ಮ ಮಂದ್ಯಾಗ ಸತ್ತವರ ಪಾದದ ಅಳತೀಲೇ ಕುಣಿ ತೋಡತಾರ್ರಿ. ಉದ್ದ ಒಂಬತ್ತು ಪಾದ, ಅಗಲಾನೂ ಒಂಬತ್ತ. ಹೆಚ್ಚಿಲ್ಲ, ಕಮ್ಮಿಲ್ಲ. ಇವರು ಸಿಕ್ಕ ಕುಣಿ ಒಮ್ಮಿ ಅಳದು ನೋಡಿಬಿಡತೇನಿ. ತಪ್ಪಾದ್ರ ನೀವು ಮೊಳಿ ಹೊಡಕೋರಿ."

ದಿಬ್ಬದ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಕುಣಿಯೊಳಗೆ ಮಾತ್ರ ನೀರಿನ ಹತ್ತಿರದ ತಂಪು. ಅವಳು ಇಳಿದು, ಗೋಡೆಗಲ್ಲಿಗೆ ಹಿಮ್ಮಡಿ ತಾಗಿಸಿ ಕೆರವು ಇಟ್ಟಳು. ತುದಿಗೆ ಬೆರಳಿಂದ ಗೆರೆ ಎಳೆದಳು, ಮತ್ತೆ ಇಟ್ಟಳು. ಮೇಲೆ ನಿಂತ ಕೇದಾರಿಯವರು ಬೇಡವೆಂದರೂ ಮನಸ್ಸಿನಲ್ಲೇ ಎಣಿಸತೊಡಗಿದರು. ಒಂಬತ್ತನೆಯ ಸಲ ಕೆರವಿನ ಮೂತಿ ಎದುರಿನ ಕಲ್ಲಿಗೆ ತಾಗಿ ನಿಂತಿತು. ನಡುವೆ ಒಂದು ಕಾಳು ಸೇರುವಷ್ಟು ಜಾಗವಿರಲಿಲ್ಲ. ಅಡ್ಡಲಾಗಿ ಇಟ್ಟಾಗಲೂ ಒಂಬತ್ತೇ.

ಇಪ್ಪತ್ತು ವರ್ಷ ಗೋರಿ ಅಗೆದ ಕೇದಾರಿಯವರಿಗೆ ಮೊದಲ ಸಲ ಒಂದು ಕುಣಿಯ ಭಯವಾಯಿತು. ರೈಲು, ಪುಣೆ ಎಲ್ಲ ಮರೆತುಹೋಯಿತು. ಆಳುಗಳನ್ನು ಕರೆಯಲಿಲ್ಲ. ತಾವೇ ರಾಯರ ಕೂಡ ಪೆಟ್ಟಿಗೆ ಹೊತ್ತು ತಂದು ಕುಣಿಯ ಅಂಚಿಗೆ ಇಟ್ಟರು.

ಕಾಶೆವ್ವ ಅಲ್ಲೇ ಕೂತು ಒಮ್ಮೆ ಜೋರಾಗಿ ಅತ್ತಳು. ಹತ್ತು ವರ್ಷದ್ದೆಲ್ಲ ಒಂದೇ ಸಲಕ್ಕೆ. ನಂತರ ಬಳೆಗಳನ್ನು ಒಂದೊಂದಾಗಿ ತೆಗೆದು ಮಣ್ಣಿನ ಮೇಲಿಟ್ಟಳು. ಕಣ್ಣೊರೆಸಿಕೊಂಡಾಗ ಅವಳ ನೋಟ ಪಕ್ಕಕ್ಕೆ ಹೋಯಿತು. ಅದೇ ಹಾಸುಗಲ್ಲಿನ ಕೆಳಗೆ, ನಡುವೆ ಒಂದು ತೆಳುಗಲ್ಲಿನ ಗೋಡೆ ಬಿಟ್ಟು, ಇನ್ನೊಂದು ಕುಣಿಯಿತ್ತು.

"ಬಾಜೂದು ಸಣ್ಣದೈತಲ್ರಿ?"

"ಹೌದು. ಅದರಾಗ ಏನೂ ಸಿಗಲಿಲ್ಲ. ಎಲುಬಿಲ್ಲ, ಗಡಿಗಿಲ್ಲ." ಕೇದಾರಿಯವರು ತಮ್ಮ ದಾಖಲೆಯ ಹಾಳೆ ನೋಡಿಕೊಂಡರು. "ಯಾರಿಗೋ ಅಂತ ಮಾಡಿಟ್ಟಾರ. ಅವರು ಬರಲಿಲ್ಲ."

ಅವಳು ತೆಳುಗಲ್ಲು ದಾಟಿ ಅದರೊಳಗೆ ಇಳಿದಳು. ಗೋಡೆಗೆ ಹಿಮ್ಮಡಿ ಕೊಟ್ಟು, ಬರಿಗಾಲಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ಹಚ್ಚುತ್ತ ನಡೆದಳು. ಒಂಬತ್ತನೆಯ ಹೆಜ್ಜೆಗೆ ಅವಳ ಹೆಬ್ಬೆರಳು ಕಲ್ಲಿಗೆ ತಾಗಿತು.

ಕಾಶೆವ್ವ ತಲೆ ಎತ್ತಿ ಕೇದಾರಿಯವರ ಕೈಯ ಹಾಳೆ ನೋಡಿದಳು.

"ಸಾಹೇಬ್ರ, ಇದನ್ನ ಖಾಲಿ ಅಂತ ಬರೀಬ್ಯಾಡ್ರಿ."