ಚಕ್ಕುಲಿ ಬಿದ್ದ ಎಪಿಸೋಡು

ಮನೆಗೆಲಸದ ಕೆಂಪಕ್ಕ ಮತ್ತೆ ಅದೇ ಎಪಿಸೋಡು ಹಾಕಿ ಎಂದು ಕೇಳಿದಾಗ ಇಂದ್ರಾಣಿಯ ಅನುಮಾನ ಗಟ್ಟಿಯಾಯಿತು.

ಇದು ಐದನೇ ಮಧ್ಯಾಹ್ನ. ದಿನಾ ಕೋಣನಕುಂಟೆಯಿಂದ ನಡೆದು ಬರುತ್ತಿದ್ದ ಅವಳು ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಪಾತ್ರೆ ತೊಳೆದು, ನೆಲ ಒರೆಸಿ, ಟಿ.ವಿ. ಮುಂದೆ ಕೂತುಬಿಡುತ್ತಿದ್ದಳು. ಕೆಲಸದವರು ಟಿ.ವಿ. ನೋಡಿದರೆ ಸಿಡುಕುವ ಪೈಕಿಯಲ್ಲ ಇಂದ್ರಾಣಿ. ಆದರೆ ನೋಡುತ್ತಿದ್ದುದೇನು? ಜೆ.ಪಿ. ನಗರದ ಮನೆಗಳಿಗೆ ಕನ್ನ ಹಾಕುವ ನಾಲ್ವರು ಕಳ್ಳರ ಸೀರಿಯಲ್ಲು. ಅದರಲ್ಲಿ ಸಾವಿಗೂ ನಗಬೇಕು.

ಅದರಲ್ಲೂ ಅವಳಿಗೆ ಬೇಕಾದದ್ದು ಒಂದೇ ದೃಶ್ಯ. ಚಕ್ಕುಲಿ ಎಂಬ ಪೆದ್ದ ಕಳ್ಳ ಪೈಪು ಹಿಡಿದು ಮೂರನೇ ಮಹಡಿಗೆ ಹತ್ತುತ್ತಾನೆ, ಕಿಟಕಿಯ ಸಜ್ಜೆಯ ಮೇಲೆ ಕಾಲಿಡುತ್ತಾನೆ, ಜಾರಿ ಬಿದ್ದು ಸಾಯುತ್ತಾನೆ. ಇಂದ್ರಾಣಿಯ ಗಂಡ ಸುಭಾಷ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕೆಂಪಕ್ಕ ಒಮ್ಮೆಯೂ ನಗಲಿಲ್ಲ.

"ಪೈಪ್ ಹಿಡ್ಕೊಳೋ ಕಡೆಗೆ ಹಿಂದಕ್ ಹಾಕಿ ಅಮ್ಮಾ. ಒಂದ್ ಸಲನೂ ಈ ಕಡೆ ತಿರುಗಲ್ವಲ್ಲ."

"ಕಳ್ಳ ಮುಖ ತೋರಿಸ್ತಾನಾ ಕೆಂಪಕ್ಕ?"

ಆಮೇಲೆ ಇನ್ನೊಂದು ಬೇಡಿಕೆ: ಆ ಸೀನಿನ ಬಗ್ಗೆ ಜನ ಏನು ಬರೆದಿದ್ದಾರೆ, ಓದಿ. ಇಂದ್ರಾಣಿ ಮೊಬೈಲು ತೆಗೆದು ಓದುತ್ತಿದ್ದಳು. 'ಸಖತ್ ಮಗಾ, ನೂರು ಸಲ ನೋಡ್ದೆ.' 'ಬಿದ್ದ ಸೌಂಡಿಗೇ ಅವಾರ್ಡ್ ಕೊಡ್ಬೇಕು.' 'ಇಷ್ಟು ನ್ಯಾಚುರಲ್ಲಾಗಿ ಹೇಗ್ ಬೀಳ್ತಾನೆ ಗುರು?'

"ಯಾರು ಅಂತ ಯಾರೂ ಕೇಳಿಲ್ವಾ?"

"ಯಾರು ಅಂತ ಎಲ್ಲರಿಗೂ ಗೊತ್ತಲ್ಲ. ಚಕ್ಕುಲಿ."

ಹಿಂದಿನ ಕ್ರಾಸಿನ ಮನೆಗೆ ಕಳ್ಳರು ನುಗ್ಗಿ ಹದಿನೈದು ದಿನವಷ್ಟೇ ಆಗಿತ್ತು. ಅವರೂ ಪೈಪು ಹಿಡಿದೇ ಹತ್ತಿದ್ದರು. ಕೆಂಪಕ್ಕ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಈ ಮನೆಯ ಪೈಪು ಅಲುಗಿಸಿ, ತಲೆಯೆತ್ತಿ ಸಜ್ಜೆ ನೋಡುತ್ತಿದ್ದಳು. "ಇದು ಆಳಿನ ಭಾರ ತಡೀತದಾ ಅಮ್ಮಾ?" ಎಂದೂ ಕೇಳಿದ್ದಳು. ಮಗನ ಕೆಲಸವೇನೆಂದು ಕೇಳಿದರೆ, "ಹತ್ತೋದು, ಇಳಿಯೋದು" ಎಂದು ಮಾತು ಮುಗಿಸಿದ್ದಳು. ಮೊದಲಿದ್ದ ಮೂರು ಮನೆಗಳ ಕೆಲಸ ಒಂದೇ ವಾರದಲ್ಲಿ ಬಿಟ್ಟಿದ್ದಳಂತೆ. ಏಕೆಂದು ಹೇಳಿರಲಿಲ್ಲ.

"ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡೀತಿದೆ, ನೀನು ಬಟ್ಟಲು ಹಿಡ್ಕೊಂಡು ನಿಂತಿದೀಯ," ಎಂದ ಸುಭಾಷ್. "ನಾಳೆಯಿಂದ ಬರಬೇಡಿ ಅನ್ನು."

ಇಂದ್ರಾಣಿ ಹಿಂದೆಮುಂದೆ ನೋಡಿದಳು. ಆ ಹೆಂಗಸಿಗೆ ಇದ್ದದ್ದು ಇದೊಂದೇ ಮನೆ. ಆದರೂ ಭಯ ದೊಡ್ಡದು. ಮರುದಿನ ಕೆಲಸ ಮುಗಿಯುವವರೆಗೆ ಕಾದು, ನೆಲ ನೋಡುತ್ತ ಹೇಳಿಬಿಟ್ಟಳು.

ಕೆಂಪಕ್ಕ ವಾದಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಇಂದ್ರಾಣಿಗೆ.

"ಆಗ್ಲಿ ಅಮ್ಮಾ. ಕೊನೇದಾಗಿ ಒಂದ್ ಸಲ ಹಾಕಿ. ಮುಗಿದ್ಮೇಲೆ ಹೆಸ್ರುಗಳು ಓಡ್ತವಲ್ಲ, ನಂಗೆ ಓದೋಕ್ ಬರಲ್ಲ. ಅಷ್ಟೂ ಓದಿ."

ಬೇಗ ಹೋದರೆ ಸಾಕೆಂದು ಇಂದ್ರಾಣಿ ಹಾಕಿದಳು. ನಿಲ್ಲಿಸಿ ನಿಲ್ಲಿಸಿ ಓದಿದಳು. ನಟರು, ಕ್ಯಾಮೆರಾದವರು, ಲೈಟಿನವರು, ಊಟ ತಂದವರು, ವ್ಯಾನು ಓಡಿಸಿದವರು. ಒಂದನ್ನೂ ಬಿಡಲಿಲ್ಲ.

"ಚಲುವರಾಜು ಅಂತ ಬಂತಾ?"

"ಇಲ್ಲ. ಯಾರದು?"

"ನನ್ ಮಗ."

ಇಂದ್ರಾಣಿಗೆ ನಗು ಬಂತು, ಎದೆಯೂ ಹಗುರಾಯಿತು. ಅಯ್ಯೋ, ಇಷ್ಟೇನಾ? ಮಗನಿಗೆ ಒಂದು ಸಣ್ಣ ಪಾರ್ಟು ಸಿಕ್ಕಿದೆ, ತಾಯಿ ಹುಡುಕುತ್ತಿದ್ದಾಳೆ. ತಾನು ಎಂಥ ಪಾಪ ಕಟ್ಟಿಕೊಳ್ಳುತ್ತಿದ್ದೆ.

"ಮೊದಲೇ ಹೇಳಬಾರದಾ ಕೆಂಪಕ್ಕ? ಯಾವ ಸೀನಲ್ಲಿ ಬರ್ತಾನೆ? ನಾಳೆ ಬನ್ನಿ, ಇಬ್ಬರೂ ಹುಡುಕೋಣ. ಇಲ್ಲಾಂದ್ರೆ ಅವನನ್ನೇ ಕರ್ಕೊಂಡು ಬನ್ನಿ, ಅವನೇ ತೋರಿಸ್ಲಿ."

ಕೆಂಪಕ್ಕ ಟಿ.ವಿ. ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಚಕ್ಕುಲಿ ಪಾರ್ಟಿನೋನು ಹತ್ತಲ್ಲ ಅಮ್ಮಾ, ಅವನ ಅಂಗಿ ಹಾಕ್ಕೊಂಡು ಡೂಪು ಹತ್ತೋದು, ಅವತ್ತು ಜಾರಿದ ನನ್ ಮಗ ಮತ್ತೆ ಏಳ್ಲೇ ಇಲ್ಲ, ಕಂಪ್ನಿಯೋರು ಅವ್ನು ಶೂಟಿಂಗಿಗೇ ಬಂದಿರ್ಲಿಲ್ಲ ಅಂತಾರೆ."