ನೈಟ್ರೋ ಟ್ರಗ್ಗಿ

ಈ ಊರಿಗೆ ವರ್ಗವಾಗಿ ಬಂದ ಮೇಲೆ ಚಂದ್ರಮೌಳಿಯ ಜೊತೆ ಸಲೀಸಾಗಿ ಮಾತಾಡಿದವನೆಂದರೆ ರಿಮೋಟಿನಿಂದ ಓಡಿಸುವ ಆಟದ ಗಾಡಿಗಳ ಅಂಗಡಿಯಾತ ಒಬ್ಬನೇ. ಏನೂ ಕೊಳ್ಳದೆ ಹಲವು ಸಂಜೆ ಬಂದು ನಿಂತು ಹೋಗಿದ್ದ ಚಂದ್ರಮೌಳಿಗೆ ಇವತ್ತು ಬರಿಗೈಲಿ ಹೋಗಲು ನಾಚಿಕೆಯಾಯಿತು. ಟ್ರಗ್ಗಿ ಬೇಕೆಂದ. ಟ್ರಕ್ಕಿನ ದಪ್ಪ ಚಕ್ರ, ರೇಸು ಗಾಡಿಯ ತಗ್ಗಿದ ಮೈ ಇರುವಂಥದ್ದು.

"ಎಲ್ಲಿ ಓಡಿಸ್ತೀರಾ ಸಾರ್?"

"ಸುಮ್ನೆ ಮೈದಾನದಲ್ಲಿ. ಆಮೇಲೆ ಟ್ರ್ಯಾಕಲ್ಲೂ."

"ಹಾಗಾದ್ರೆ ಬ್ಯಾಟರಿದು ತಗೊಳ್ಳಿ. ಚಾರ್ಜ್ ಮಾಡಿದ್ರೆ ಆಯ್ತು, ಒಬ್ರೇ ನೋಡ್ಕೋಬಹುದು."

ಚಂದ್ರಮೌಳಿ ಪಕ್ಕದಲ್ಲಿದ್ದ ನೈಟ್ರೋ ಗಾಡಿಯನ್ನು ತೋರಿಸಿದ. "ಇದು?"

"ಅದು ನೈಟ್ರೋ ಅನ್ನೋ ಫ್ಯೂಯೆಲಲ್ಲಿ ಓಡೋ ಇಂಜಿನ್ನಿಂದು. ಸದ್ದು, ಹೊಗೆ, ಜಿಡ್ಡು ಎಲ್ಲಾ ಇರುತ್ತೆ. ಟ್ರ್ಯಾಕಲ್ಲಿ ನೀವು ಎತ್ತರದ ಕಟ್ಟೆ ಮೇಲೆ ನಿಂತು ಓಡಿಸ್ತಾ ಇರ್ಬೇಕು. ಕೆಳಗೆ ಗಾಡಿ ಹಿಡಿದು ಫ್ಯೂಯೆಲ್ ತುಂಬೋಕೆ ಇನ್ನೊಬ್ರು ಬೇಕೇ ಬೇಕು."

"ಬೇಕೇ ಬೇಕಾ?"

"ಇಲ್ದಿದ್ರೆ ಅರ್ಧಕ್ಕೇ ನಿಂತುಹೋಗುತ್ತೆ ಸಾರ್."

"ಹಾಗಾದ್ರೆ ಇದನ್ನೇ ಕೊಡಿ."

ಅಂಗಡಿಯಾತ ಪೆಟ್ಟಿಗೆ ಇಳಿಸುತ್ತ ಕೇಳಿದ, "ಫ್ಯೂಯೆಲ್ ತುಂಬೋಕೆ ಯಾರು ಬರ್ತಾರೆ?"

ಚಂದ್ರಮೌಳಿ ಪರ್ಸು ತೆಗೆದ.

"ಭಾನುವಾರ ನಿಮ್ಗೆ ಬಿಡುವಿರುತ್ತಾ?"