ಅಂಜನ್ ಕುಮಾರನ ಕಪ್ಪೆ

"ನಿಮ್ಮ ಕಪ್ಪೆ ಮರ ಹತ್ತೋದಾ, ನೆಲದಲ್ಲಿರೋದಾ?" ಎಂದು ಮೀನಿನ ತೊಟ್ಟಿ ಮಾರುವ ಕುಮಾರಸ್ವಾಮಿ ಕೇಳಿದಾಗ ಅಂಜನ್ ಕುಮಾರ್ ತಬ್ಬಿಬ್ಬಾದ. ಅವನ ಬಳಿ ಕಪ್ಪೆಯೇ ಇರಲಿಲ್ಲ.

"ನೆಲದ್ದು," ಎಂದ.

"ಹಂಗಾದ್ರೆ ಎತ್ತರ ಬ್ಯಾಡ, ಅಗಲ ಇರ್ಲಿ. ಕೆಳಗೆ ತೆಂಗಿನ ನಾರಿನ ಪುಡಿ ಹಾಕಿ, ಒಣಗಾಕೆ ಬುಡ್ಬ್ಯಾಡಿ. ಮೇಲೆ ಜಾಲರಿ ಮುಚ್ಚಳ, ಗಾಳಿ ಆಡ್ಬೇಕು. ಅಡಗ್ಕೊಳ್ಳಾಕೆ ಒಂದು ಮಡಕೆ ಚೂರು. ಬಿಸಿಲಿಗೆ ಮಾತ್ರ ಇಡ್ಬ್ಯಾಡಿ, ಬೆಂದೋಯ್ತದೆ."

ಅಂಜನ್ ಗಾಜಿನ ಪೆಟ್ಟಿಗೆಯಿಂದ ಹಿಡಿದು ಒಂದನ್ನೂ ಬಿಡದೆ ಕೊಂಡ. ಸುಳ್ಳು ಹೇಳುವುದಾದರೆ ಅಚ್ಚುಕಟ್ಟಾಗಿ ಹೇಳಬೇಕು ಎಂಬುದು ಅವನ ನಂಬಿಕೆ.

ಕಾರಣವಿತ್ತು. ಸರ್ವೇಯರ್ ಆಗಿ ಮಧುಗಿರಿಗೆ ಬಂದ ಅವನಿಗೆ ಸಿಕ್ಕಿದ್ದು ಶಿವರುದ್ರಮ್ಮನ ಮನೆಯ ಮುಂದಿನ ಕೋಣೆ. ಲಿಂಗಪೂಜೆಯಾಗದೆ ನೀರು ಮುಟ್ಟದ ಹೆಂಗಸು. ಮೊಟ್ಟೆಯ ವಾಸನೆ ಬಂದರೂ ಕೋಣೆ ಖಾಲಿ ಮಾಡಿಸುವುದಾಗಿ ಮೊದಲೇ ಹೇಳಿದ್ದಳು. ಅಂಜನ್‌ಗೋ ಮೊಟ್ಟೆಯಿಲ್ಲದೆ ಊಟ ಇಳಿಯದು. ಆಕೆಯ ಬಳಿ ಇನ್ನೊಂದು ಬೀಗದ ಕೈ ಬೇರೆ ಇತ್ತು. ಅವನು ಕಚೇರಿಗೆ ಹೋದಾಗ ಗುಡಿಸುವ ನೆಪದಲ್ಲಿ ಮಂಚದಡಿಯವರೆಗೂ ತಡಕುತ್ತಿದ್ದಳು.

ಗಾಜಿನ ಪೆಟ್ಟಿಗೆ ಕೋಣೆಯ ಮೂಲೆಯಲ್ಲಿ ಕೂತಿತು. ಅದರ ಹಿಂದೆ ಮೊಟ್ಟೆ ಮತ್ತು ಕರೆಂಟ್ ಒಲೆ.

"ಏನಪ್ಪ ಅದು?" ಶಿವರುದ್ರಮ್ಮ ಹೊಸ್ತಿಲಲ್ಲೇ ನಿಂತಳು.

"ವಿದೇಶದ ಕಪ್ಪೆ, ಅಮ್ಮ. ವಿಷ. ಮುಟ್ಟಿದ್ರೆ ಬೊಬ್ಬೆ ಏಳ್ತದೆ. ಬೆಳಕು ಕಂಡ್ರೆ ಆಚೆಗೇ ಬರಲ್ಲ." ಹೇಳುತ್ತಲೇ ಪೆಟ್ಟಿಗೆಗೆ ಕಪ್ಪು ಬಟ್ಟೆ ಹೊದಿಸಿದ.

"ಶಿವಶಿವಾ! ಇನ್ನು ಈ ಕಡೆ ಕಾಲಿಡಾಕಿಲ್ಲ ಬುಡಪ್ಪ."

ಅವನ ಹೊಟ್ಟೆ ತಂಪಾಯಿತು. ಅಂದು ಮೊಟ್ಟೆ ಹೆಚ್ಚಾಗಿಯೇ ಬೆಂದವು.

ನಾಟಕಕ್ಕೆ ಕೊರತೆಯಾಗದಂತೆ ದಿನವೂ ಬಟ್ಟೆಯ ಅಂಚು ಎತ್ತಿ ನಾರಿಗೆ ನೀರು ಚಿಮುಕಿಸುತ್ತಿದ್ದ, ಒಳಗಿಟ್ಟ ನೀರಿನ ಬಟ್ಟಲು ತುಂಬಿಸುತ್ತಿದ್ದ. ಬಟ್ಟಲಿನ ನೀರು ಒಮ್ಮೊಮ್ಮೆ ಚೆಲ್ಲಿರುತ್ತಿತ್ತು. ತನ್ನ ಕೈಯೇ ಸರಿಯಿಲ್ಲ ಎಂದುಕೊಂಡ. ಕೋಣೆಯ ಜಿರಳೆಗಳು ಮಾಯವಾದವು. ಫಿನಾಯಿಲ್‌ಗೆ ಶಹಬ್ಬಾಸ್ ಎಂದ. ಮಳೆ ಬಿದ್ದ ಸಂಜೆ ವಟರ್ ವಟರ್ ಸದ್ದು ಕಿವಿಗೆ ಹೊಡೆಯಿತು. ಚರಂಡಿಗೆ ಬೈದು ಕಿಟಕಿ ಮುಚ್ಚಿದ.

ಶಿವರುದ್ರಮ್ಮ ಸಿಕ್ಕಾಗಲೆಲ್ಲ ವಿಚಾರಿಸುವಳು. "ನಿನ್ ಕಪ್ಪೆ ಹೆಂಗೈತಪ್ಪ?"

"ದಪ್ಪ ಆಗ್ತಾ ಇದೆ, ಅಮ್ಮ."

"ಹೂಂ, ಆಗ್ಲೇಬೇಕು."

ಕೆಲವು ತಿಂಗಳ ಮೇಲೆ ಅವನಿಗೆ ಶಿರಾಕ್ಕೆ ವರ್ಗವಾಯಿತು. ಸಾಮಾನೆಲ್ಲ ಲಗೇಜ್ ಆಟೋ ಏರಿದ ಮೇಲೆ ಗಾಜಿನ ಪೆಟ್ಟಿಗೆಯೊಂದೇ ಉಳಿಯಿತು. ಅದನ್ನು ಬಟ್ಟೆಸಮೇತ ಎತ್ತಿ ಕಂಕುಳಲ್ಲಿ ಓರೆಯಾಗಿ ಇರುಕಿಕೊಂಡ.

"ಮೆತ್ತಗೆ ಕಣಪ್ಪ!" ಬಾಗಿಲಲ್ಲಿ ಶಿವರುದ್ರಮ್ಮ ಕೂಗಿದಳು.

ಅಂಜನ್‌ಗೆ ತಡೆಯಲಾಗಲಿಲ್ಲ. ಸೋತವರಿಗೆ ಹೇಳದೆ ಹೋದರೆ ಗೆದ್ದು ಏನು ಸುಖ? "ಹೆದರ್ಬೇಡಿ ಅಮ್ಮ. ಇದರಲ್ಲಿ ಕಪ್ಪೆಯೇ ಇಲ್ಲ. ನೀವು ಕೋಣೆಗೆ ಬರಬಾರ್ದು ಅಂತ ಹೇಳಿದ ಸುಳ್ಳು!"

ಶಿವರುದ್ರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ಇಲ್ಲ ಅಂತ ಮಾರನೇ ದಿನವೇ ನೋಡ್ದೆ ಕಣಪ್ಪ. ಹಿಂದ್ಗಡೆ ಮೊಟ್ಟೆನೂ ನೋಡ್ದೆ. ತಿನ್ನೋ ವಯಸ್ಸು, ತಿನ್ಲಿ ಅಂತ ಸುಮ್ಕಾದೆ. ಆದ್ರೆ ಅಷ್ಟು ಚೆಂದದ ಮನೆ ಖಾಲಿ ಬುಡಾಕೆ ಮನಸ್ಸು ಒಪ್ಪಲಿಲ್ಲ."

ಆಕೆ ಪೆಟ್ಟಿಗೆಯನ್ನು ನೆಟ್ಟಗೆ ಹಿಡಿಸಿದಳು. "ಬಚ್ಚಲ ಹಿಂದೆ ಇದ್ದ ಒಂದನ್ನ ಅವತ್ತೇ ತಂದು ಒಕ್ಕಲು ಇರಿಸ್ದೆ. ಶಿರಾದಲ್ಲಿ ಇನ್ಮೇಲೆ ಜಿರಳೆ ನೀನೇ ಹಿಡ್ದು ಹಾಕ್ಬೇಕು, ನೋಡಪ್ಪ."